ಎಂಜಿನ್ ನಿಂತ ಮೇಲಿನ ಹಾರಾಟ

ಮಾಧವಿ ಬಳ್ಳಿಯ ಮೂರು ರೆಕ್ಕೆಯ ಒಣಗಾಯಿ ತೊಟ್ಟು ಕಳಚಿದಾಗ ಕಲ್ಲಿನಂತೆ ಬೀಳದೆ ಗಿರಗಿರನೆ ತಿರುಗುತ್ತ ನೆಲ ಸೇರುತ್ತದೆ. ಎಂಜಿನ್ ಕೈಕೊಟ್ಟ ಹೆಲಿಕಾಪ್ಟರನ್ನು ಉಳಿಸುವುದೂ ಬೀಳುವಾಗಿನ ಈ ತಿರುಗುವಿಕೆಯೇ. ಪೈಲಟ್‌ಗಳು ಅದನ್ನು ಆಟೋರೊಟೇಶನ್ ಎನ್ನುತ್ತಾರೆ. ಕನ್ನಡದಲ್ಲಿ ಸ್ವಯಂಭ್ರಮಣ ಎನ್ನಬಹುದು.

ಎಂಜಿನ್ ನಿಂತೊಡನೆ, ನೆತ್ತಿಯ ಮೇಲೆ ತಿರುಗುವ ಅಲಗುಗಳ ಚಕ್ರವಾದ ರೋಟರ್ ಅದರಿಂದ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಪೆಡಲ್ ತುಳಿಯದಿದ್ದರೂ ಸೈಕಲ್ಲಿನ ಹಿಂಚಕ್ರ ಉರುಳುವಂತೆ. ಪೈಲಟ್ ಎಡಗೈಯಲ್ಲಿರುವ ಕಲೆಕ್ಟಿವ್ ಎಂಬ ಸನ್ನೆಕೋಲನ್ನು ತಕ್ಷಣ ತಗ್ಗಿಸಿ ಅಲಗುಗಳ ಓರೆಯನ್ನು ಇಳಿಸಿದರೆ, ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು ತಿರುಗಿಸುತ್ತದೆ. ನೆಲ ಹತ್ತಿರವಾದಾಗ ಮೂತಿ ಮೇಲೆತ್ತಿ ವೇಗ ತಗ್ಗಿಸಬೇಕು. ಕೊನೆಯ ಕ್ಷಣದಲ್ಲಿ ಕಲೆಕ್ಟಿವ್ ಎಳೆದು, ರೋಟರ್‌ನಲ್ಲಿ ಕೂಡಿಟ್ಟ ಶಕ್ತಿಯನ್ನೆಲ್ಲ ವ್ಯಯಿಸಿ ಮೆತ್ತಗೆ ಇಳಿಯಬೇಕು. ಆ ಶಕ್ತಿ ಒಂದೇ ಸಲಕ್ಕೆ ಸಾಲುವಷ್ಟು.

ತರಬೇತಿಯಲ್ಲಿ ಬಹಳವಾಗಿ ಬಳಕೆಯಾಗುವ, ಅಮೆರಿಕದ ರಾಬಿನ್ಸನ್ ಆರ್22 ಹೆಲಿಕಾಪ್ಟರಿನ ರೋಟರ್ ನಿಮಿಷಕ್ಕೆ ಸುಮಾರು 530 ಸುತ್ತು ಹಾಕುತ್ತದೆ. ಅದರ ಎರಡು ಅಲಗುಗಳು ಹಗುರವಾದ್ದರಿಂದ ಕೂಡಿಟ್ಟ ಶಕ್ತಿ ಕಡಿಮೆ. ಕಲೆಕ್ಟಿವ್ ತಗ್ಗಿಸಲು ಸಿಗುವ ಅವಧಿ ಒಂದೆರಡು ಸೆಕೆಂಡು ಮಾತ್ರ. ಸುತ್ತು ತೀರ ಕುಸಿದರೆ ಅಲಗುಗಳಿಗೆ ಗಾಳಿಯ ಆಸರೆ ತಪ್ಪುತ್ತದೆ, ಅಲ್ಲಿಂದ ಚೇತರಿಕೆಯಿಲ್ಲ. ಇಂಥ ಅಪಾಯಗಳ ಹಿನ್ನೆಲೆಯಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ 1995ರಲ್ಲಿ ಆರ್22 ಮತ್ತು ಆರ್44 ಹಾರಿಸುವವರಿಗೆ ವಿಶೇಷ ತರಬೇತಿಯನ್ನು ಕಡ್ಡಾಯಗೊಳಿಸಿತು.

ಅಭ್ಯಾಸದಲ್ಲಿ ಎಂಜಿನ್ ನಿಂತಿರುವುದಿಲ್ಲ, ಮಂದಗತಿಯಲ್ಲಿ ಓಡುತ್ತಿರುತ್ತದೆ. ಆದರೆ ಇಳಿತದ ರಭಸ ನಿಜವಾದದ್ದು. ಮೂತಿ ಎತ್ತುವುದು ತಡವಾದರೆ ಹೆಲಿಕಾಪ್ಟರ್ ನೆಲಕ್ಕೆ ಅಪ್ಪಳಿಸುತ್ತದೆ. ತೀರ ತಗ್ಗಿನಲ್ಲಿ ಎತ್ತಿದರೆ ಬಾಲ ನೆಲಕ್ಕೆ ಬಡಿಯುತ್ತದೆ. ಪಕ್ಕಕ್ಕೆ ಜಾರುತ್ತ ಇಳಿದರೆ ಸ್ಕಿಡ್ ಎಂಬ ಜಾರುಗಾಲು ಹುಲ್ಲಿನಲ್ಲಿ ಸಿಕ್ಕಿ ಯಂತ್ರವೇ ಮಗುಚುತ್ತದೆ. ಶಿಷ್ಯ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಲೆಂದು ಶಿಕ್ಷಕ ಅರೆಗಳಿಗೆ ಕಾಯುತ್ತಾನೆ. ಕಲಿಕೆಗೆ ಆ ಬಿಡುವು ಬೇಕು. ನೆಲದ ಹತ್ತಿರ ಅದು ಇರುವುದಿಲ್ಲ.

ಹಾಗಾಗಿ ಒಳ್ಳೆಯ ತರಬೇತಿ ಒಂದು ಗಡಿ ಹಾಕಿಕೊಳ್ಳುತ್ತದೆ. ಸುಮಾರು 200 ಅಡಿಗೆ ಇಳಿಯುವ ಮೊದಲೇ ರೋಟರ್‌ನ ಸುತ್ತು, ವೇಗ, ಇಳಿತದ ದರ, ದಿಕ್ಕು ಎಲ್ಲವೂ ಹದಕ್ಕೆ ಬಂದಿರಬೇಕು. ಒಂದು ತಪ್ಪಿದ್ದರೂ ಎಂಜಿನ್‌ಗೆ ಬಲ ಕೊಟ್ಟು ಮೇಲೇರಬೇಕು. ನಿಜವಾದ ವೈಫಲ್ಯದಲ್ಲಿ ಸಿಗದ ಈ ಎರಡನೇ ಅವಕಾಶ ಅಭ್ಯಾಸದಲ್ಲಿದೆ. ಅದನ್ನು ಹಿಂಜರಿಯದೆ ಬಳಸಿಕೊಳ್ಳುವುದೂ ಪಾಠದ ಭಾಗವೇ.