ನಿಮಗಿದು ಗೊತ್ತೆ? ಹುಡುಕಿದ ಊರೇ ಫಲಕದಲ್ಲಿಲ್ಲ!

ಐರ್ಲೆಂಡಿನ ನೈಋತ್ಯ ಕರಾವಳಿಯ ಡಿಂಗಲ್ ಪರ್ಯಾಯ ದ್ವೀಪದ ಪಶ್ಚಿಮ ಭಾಗ ಐರಿಷ್ ಭಾಷಿಕರ ಸೀಮೆ. ಬಾಡಿಗೆ ಕಾರಿನಲ್ಲಿ ಹೋದವರಿಗೆ ಅಲ್ಲಿ ತಬ್ಬಿಬ್ಬಾಗುವ ಕಾಲವೊಂದಿತ್ತು. 2005ರಲ್ಲಿ ಜಾರಿಗೆ ಬಂದ ಸರ್ಕಾರಿ ಆದೇಶದಿಂದ ರಸ್ತೆ ಫಲಕಗಳಲ್ಲಿ ಅಲ್ಲಿನ ಊರಿನ ಇಂಗ್ಲಿಷ್ ಹೆಸರು ‘ಡಿಂಗಲ್’ ಹೋಗಿ ಐರಿಷ್ ಹೆಸರು ‘ಅನ್ ದಾಂಗನ್’ ಮಾತ್ರ ಉಳಿಯಿತು. ಪ್ರವಾಸಿಗರನ್ನೇ ನೆಚ್ಚಿಕೊಂಡ ಊರು, ಸುಮ್ಮನಿದ್ದೀತೇ? 2006ರಲ್ಲಿ ಊರಿನವರು ಮತ ಹಾಕಿ ಎರಡೂ ಭಾಷೆಯ ಹೆಸರು ಬೇಕೆಂದರು. ಕಾನೂನು ಮಣಿದದ್ದು 2011ರಲ್ಲಿ.

ಈ ಪರ್ಯಾಯ ದ್ವೀಪದ ಸ್ಲೇ ಹೆಡ್ ಸುತ್ತುದಾರಿ ಸುಮಾರು 47 ಕಿ.ಮೀ. ಒಂದೆಡೆ ತೊರೆಯೊಂದು ರಸ್ತೆಯ ಮೇಲೇ ಹರಿಯುತ್ತದೆ, ಕಾರು ನೀರಿನಲ್ಲೇ ದಾಟಬೇಕು. ಎದುರಿಗೆ ಕಾಣುವ ಗ್ರೇಟ್ ಬ್ಲಾಸ್ಕೆಟ್ ದ್ವೀಪದ ಜನರನ್ನು 1953ರಲ್ಲಿ ತೆರವು ಮಾಡಲಾಯಿತು. ನಮ್ಮವರಿಗೊಂದು ಅನುಕೂಲ: ಅಲ್ಲೂ ವಾಹನ ಎಡಕ್ಕೇ. ಟೂರ್ ಬಸ್ಸುಗಳು ಗಡಿಯಾರದ ದಿಕ್ಕಿನಲ್ಲಿ ಸುತ್ತುತ್ತವೆ. ಇಕ್ಕಟ್ಟು ರಸ್ತೆಯಲ್ಲಿ ಅವಕ್ಕೆ ಎದುರಾಗಬೇಡಿ, ನೀವೂ ಹಾಗೇ ಹೋಗಿ.