ಲಸಿಕೆಯ ಕರೆ

ಯಕೃತ್ತನ್ನು ಬಾಧಿಸುವ ಹೆಪಟೈಟಿಸ್ ‘ಎ’ ಕಲುಷಿತ ನೀರಿನಿಂದ ಹರಡುವುದೆಂದು ನಾವು ಬಲ್ಲೆವು. ನಿಕಟ ದೇಹಸಂಬಂಧದಿಂದಲೂ ಅದು ಹರಡಬಲ್ಲದು. 2016-17ರಲ್ಲಿ ಯೂರೋಪಿನ ಹಲವು ದೇಶಗಳಲ್ಲಿ ಈ ಬೇನೆ ಹಬ್ಬಿದಾಗ, ರೋಗಿಗಳಲ್ಲಿ ಬಹುಮಂದಿ ಪುರುಷರೊಡನೆ ದೇಹಸಂಬಂಧವುಳ್ಳ ಪುರುಷರಾಗಿದ್ದರು. ಸೋಂಕು ತಗಲಿದ ಮೇಲೆ ಕಾಮಾಲೆ ಕಾಣಲು ಸುಮಾರು 4 ವಾರ ಹಿಡಿಯುತ್ತದೆ. ಅದಕ್ಕೆ ಮೊದಲೇ ರೋಗಿಯು ತನಗರಿಯದೆಯೇ ವೈರಸ್ಸನ್ನು ಇತರರಿಗೆ ಹರಡುತ್ತಾನೆ. ಆದುದರಿಂದ ಲಸಿಕೆಯು ಮುಂಚಿತವಾಗಿಯೇ ದೊರೆಯಬೇಕು. ಆದರೆ ನಿಂದೆಗಂಜಿ ಮೌನವಾಗಿರುವವನನ್ನು ವೈದ್ಯನು ಗುರುತಿಸುವುದೆಂತು? ಈ ತೊಡಕನ್ನು ನೀಗಲೆಂದೇ ಆರೋಗ್ಯ ಕಾರ್ಯಕರ್ತರು ಇಂತಹ ಪುರುಷರು ಪರಸ್ಪರ ಪರಿಚಯಕ್ಕೆ ಬಳಸುವ ಮೊಬೈಲ್ ಆ್ಯಪ್‌ಗಳಲ್ಲಿ ಲಸಿಕೆಯ ಸಂದೇಶವನ್ನು ಬಿತ್ತರಿಸುತ್ತಾರೆ. ಹೆಸರನ್ನು ಕೇಳದೆ, ದೂಷಿಸದೆ, ಲಸಿಕೆಯು ಎಲ್ಲಿ ದೊರೆಯುವುದೆಂದು ಅದು ತಿಳಿಸುತ್ತದೆ. ನಿಂದಿಸದ ನುಡಿಯೂ ರೋಗತಡೆಗೆ ಅಗತ್ಯವೆಂಬುದನ್ನು ನಾವು ಇದರಿಂದ ಅರಿಯಬಹುದು.