ಕಂಠದ ಶಿಷ್ಯ ಪಿಟೀಲು

ಪಶ್ಚಿಮಘಟ್ಟದ ಬುಡದಲ್ಲಿರುವ ಹೆಬ್ರಿಯ ಪೇಟೆಯಿಂದ ಹೊರಡುವ ದಾರಿಗಳಲ್ಲಿ ಎರಡನ್ನು ಈ ಹೊತ್ತು ನೆನೆಯೋಣ. ಒಂದು, ಸೋಮೇಶ್ವರದ ಕಾಡನ್ನು ಹಾದು, ತಿರುವು ತಿರುವಾಗಿ ಘಟ್ಟವನ್ನೇರಿ ಆಗುಂಬೆಯನ್ನು ಮುಟ್ಟುತ್ತದೆ. ಇನ್ನೊಂದು, ತೆಂಕಣಕ್ಕೆ ಇಳಿದು ಕಾರ್ಕಳದ ಸೀಮೆಯನ್ನು ಸೇರುತ್ತದೆ. ಆಗುಂಬೆಯಲ್ಲಿ ಶಂಕರನಾಗ್ ಅವರು 1980ರ ದಶಕದ ನಡುವಿನಲ್ಲಿ ದೂರದರ್ಶನಕ್ಕಾಗಿ 'ಮಾಲ್ಗುಡಿ ಡೇಸ್' ಕಥಾಮಾಲೆಯನ್ನು ಚಿತ್ರಿಸಿದರು. ಅದರ ರಾಗವನ್ನು ಇಂದಿಗೂ ಗುನುಗುವವರು ಸಾವಿರಾರು ಮಂದಿ. ಆ ರಾಗಸಂಯೋಜಕ ಎಲ್. ವೈದ್ಯನಾಥನ್ ಮೂಲತಃ ಪಿಟೀಲುವಾದಕರ ಮನೆತನದವರೆಂಬುದನ್ನು ಬಲ್ಲವರು ಕಡಮೆ. ಕಾರ್ಕಳದ ಸೀಮೆಯಲ್ಲಿ ನಂದಳಿಕೆಯಿದೆ. ಆ ಹೆಸರು ಕೇಳಿದೊಡನೆ ಸಾಹಿತ್ಯಪ್ರಿಯರ ಮನಸ್ಸು ಮುದ್ದಣನತ್ತ ಹರಿಯುವುದು ಸಹಜ. ಆದರೆ ಅದೇ ನಂದಳಿಕೆಯಲ್ಲಿ, ಮುದ್ದಣನಿಗಿಂತ ನಾಲ್ಕು ವರ್ಷ ಮೊದಲು, 1866ರಲ್ಲಿ ಇನ್ನೊಬ್ಬರು ಹುಟ್ಟಿದರು. ಅವರು ಬಿಡಾರಂ ಕೃಷ್ಣಪ್ಪನವರು. ಕನ್ನಡನಾಡಿನ ಪಿಟೀಲಿನ ಕಥೆಯನ್ನು ಹೇಳಹೊರಟವರು ಈ ಹಳ್ಳಿಯ ಹೆಸರನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಏಕೆಂಬುದನ್ನು ಹೇಳುವುದೇ ಈ ಮಾತುಗಳ ಉದ್ದೇಶ.

ರೋಮ್ ನಗರ ಹೊತ್ತಿ ಉರಿಯುತ್ತಿದ್ದಾಗ ನೀರೋ ದೊರೆ ಪಿಟೀಲು ಬಾರಿಸುತ್ತಿದ್ದನೆಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಪಾಪ, ಆ ದೊರೆಯ ಮೇಲೆ ಬೇರೆ ಯಾವ ಅಪರಾಧವನ್ನಾದರೂ ಹೊರಿಸಬಹುದು, ಇದನ್ನು ಹೊರಿಸಲಾಗದು. ಅವನು ಕ್ರಿಸ್ತಶಕ ಮೊದಲ ಶತಮಾನದವನು. ನಾವು ಇಂದು ಕಾಣುವ ಪಿಟೀಲು ಇಟಲಿ ದೇಶದಲ್ಲಿ ರೂಪು ತಳೆದದ್ದು ಹದಿನಾರನೆಯ ಶತಮಾನದಲ್ಲಿ. ಕಮಾನಿನಿಂದ ನುಡಿಸುವ ವಾದ್ಯಗಳು ನಮ್ಮಲ್ಲಿಯೂ ಇದ್ದವು. ರಾವಣಹಸ್ತ, ಸಾರಂಗಿ ಅದಕ್ಕೆ ಸಾಕ್ಷಿ. ಆದರೂ ನಮ್ಮ ಕಚೇರಿಯ ವೇದಿಕೆಯ ಮೇಲೆ ಕುಳಿತಿರುವ ಪಿಟೀಲು ಹಡಗಿನಲ್ಲಿ ಬಂದದ್ದೇ ಹೊರತು ನೆಲದಲ್ಲಿ ಹುಟ್ಟಿದ್ದಲ್ಲ. ಅದನ್ನು ಒಪ್ಪಿಕೊಳ್ಳುವುದರಲ್ಲಿ ನಮಗೆ ಸಂಕೋಚವೇನೂ ಬೇಕಿಲ್ಲ. 'ಪಿಟೀಲು' ಎಂಬ ಮಾತೇ ಇಂಗ್ಲಿಷಿನ 'ಫಿಡಲ್' ಎಂಬುದು ನಮ್ಮ ಬಾಯಲ್ಲಿ ಪಳಗಿದ ರೂಪ.

ಮದರಾಸಿನ ಇಂಗ್ಲಿಷರ ಕೋಟೆಯಲ್ಲಿ ಪಾಶ್ಚಾತ್ಯ ವಾದ್ಯಮೇಳವೊಂದಿತ್ತು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786-1858) ಐರೋಪ್ಯ ವಾದಕನೊಬ್ಬನಿಂದ ಈ ವಾದ್ಯವನ್ನು ಕಲಿತು, ಅದರಲ್ಲಿ ನಮ್ಮ ರಾಗಗಳನ್ನು ನುಡಿಸತೊಡಗಿದರು. ತಂಜಾವೂರಿನ ನಾಲ್ವರು ನಾಟ್ಯಾಚಾರ್ಯ ಸೋದರರಲ್ಲಿ ಒಬ್ಬರಾದ ವಡಿವೇಲು ಅವರಿಗೆ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ದಂತದ ಪಿಟೀಲನ್ನು ಸಮ್ಮಾನವಾಗಿ ಕೊಟ್ಟರು. ಹೀಗೆ ಮೊದಲ ತಲೆಮಾರಿನಲ್ಲಿಯೇ ಅದು ಸಂಗೀತಕ್ಕೂ ನಾಟ್ಯಕ್ಕೂ ಸಲ್ಲುವ ವಾದ್ಯವಾಯಿತು.

ಬಂದ ಅತಿಥಿಯನ್ನು ನಮ್ಮವರು ಮೊದಲು ನೆಲದ ಮೇಲೆ ಕುಳ್ಳಿರಿಸಿದರು. ಪಾಶ್ಚಾತ್ಯ ವಾದಕ ಅದನ್ನು ಗದ್ದಕ್ಕೂ ಭುಜಕ್ಕೂ ನಡುವೆ ಹಿಡಿದು ನುಡಿಸುತ್ತಾನೆ. ನಮ್ಮ ವಾದಕ ಚಕ್ಕಳಮಕ್ಕಳ ಹಾಕಿ ಕುಳಿತು, ವಾದ್ಯದ ಬುಡವನ್ನು ಎದೆಗೊತ್ತಿ, ತಲೆಯನ್ನು ಕಾಲಿನ ಹರಡಿನ ಮೇಲಿರಿಸುತ್ತಾನೆ. ಇದು ಬರಿಯ ಕುಳಿತುಕೊಳ್ಳುವ ರೂಢಿಯ ಮಾತಲ್ಲ. ವಾದ್ಯವನ್ನು ಹಿಡಿದಿಡುವ ಹೊಣೆಯಿಂದ ಎಡಗೈ ಬಿಡುಗಡೆ ಹೊಂದಿ, ತಂತಿಯ ಉದ್ದಕ್ಕೂ ಜಾರಲು ಸ್ವತಂತ್ರವಾಗುತ್ತದೆ. ಆ ಜಾರುವಿಕೆಯಿಂದಲೇ ಗಮಕ. ಶ್ರುತಿಯನ್ನೂ ಬದಲಿಸಿದರು. ಪಶ್ಚಿಮದಲ್ಲಿ ನಾಲ್ಕು ತಂತಿಗಳನ್ನು ಒಂದಕ್ಕೊಂದು ಪಂಚಮದ ಅಂತರದಲ್ಲಿ ಏರಿಸುತ್ತ ಹೋಗುತ್ತಾರೆ. ನಮ್ಮವರು ಷಡ್ಜ-ಪಂಚಮ, ಷಡ್ಜ-ಪಂಚಮ ಎಂದು ಕೂಡಿಸಿದರು. ಮರ, ತಂತಿ, ಕುದುರೆ, ಬಿರಡೆ ಯಾವುದೂ ಬದಲಾಗಲಿಲ್ಲ. ಹಿಡಿಯುವ ಕೈ ಬದಲಾಯಿತು, ನುಡಿ ಬದಲಾಯಿತು.

ಈ ವಾದ್ಯಕ್ಕೆ ನಮ್ಮಲ್ಲಿ ಇಷ್ಟು ಬೇಗ ನೆಲೆ ದೊರೆತುದೇಕೆ? ವೀಣೆಗಿರುವ ಮೆಟ್ಟಿಲು ಇದಕ್ಕಿಲ್ಲ. ಸ್ವರ ಎಲ್ಲಿದೆಯೆಂದು ಬೆರಳಿಗೆ ತೋರಿಸುವ ಗುರುತು ಯಾವುದೂ ಇಲ್ಲ, ಕಿವಿಯೊಂದೇ ದಾರಿ. ಮೀಟಿದ ತಂತಿಯ ನಾದ ಹುಟ್ಟಿದ ಗಳಿಗೆಯಿಂದಲೇ ಸಾಯತೊಡಗುತ್ತದೆ. ಕಮಾನಿನ ನಾದ ಹಾಗಲ್ಲ. ರಾಳ ಹಚ್ಚಿದ ಕುದುರೆಬಾಲದ ಕೂದಲು ತಂತಿಯನ್ನು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಪಶ್ಚಿಮದ ವಾದ್ಯಮೇಳಗಳು ಶ್ರುತಿಗೆ ಆಧಾರವಾಗಿ ಇಟ್ಟುಕೊಂಡಿರುವ ಸ್ವರದಲ್ಲಿ ಈ ಹಿಡಿತ-ಬಿಡಿತ ಸೆಕೆಂಡಿಗೆ ಸುಮಾರು 440 ಬಾರಿ ನಡೆಯುತ್ತದೆ. ಕಮಾನು ಎಳೆಯುವಷ್ಟು ಹೊತ್ತೂ ನಾದ ಜೀವಂತ. ಕಮಾನಿನ ಎಳೆತ ಮನುಷ್ಯನ ಉಸಿರಿನಂತೆ; ಬೆರಳಿನ ಜಾರು ಕಂಠದ ಹೊರಳಿನಂತೆ. ಅಂದಮೇಲೆ ಹಾಡುಗಾರಿಕೆಯೇ ಪ್ರಧಾನವಾದ ಸಂಗೀತಪದ್ಧತಿಗೆ ಇದಕ್ಕಿಂತ ಒಪ್ಪುವ ಸಂಗಾತಿ ಇನ್ನಾವುದು?

ಸಂಗಾತಿಯೆಂಬ ಮಾತನ್ನು ಬೇಕೆಂದೇ ಹೇಳಿದೆ. ನಮ್ಮ ಕಚೇರಿಯಲ್ಲಿ ಪಿಟೀಲಿಗೆ ದೊರೆತ ಹೆಸರು 'ಪಕ್ಕವಾದ್ಯ'. ಅದನ್ನು ಕೀಳು ಸ್ಥಾನವೆಂದು ತಿಳಿದವರುಂಟು. ಆದರೆ ಅದರ ಕೆಲಸವನ್ನು ಸ್ವಲ್ಪ ಯೋಚಿಸಿ ನೋಡಿ. ಗಾಯಕ ಇಂದು ಯಾವ ರಾಗವನ್ನು ಎತ್ತಿಕೊಳ್ಳುತ್ತಾನೆಂಬುದು ಎಷ್ಟೋ ವೇಳೆ ಪಿಟೀಲುವಾದಕನಿಗೆ ವೇದಿಕೆ ಏರುವವರೆಗೆ ತಿಳಿದಿರುವುದಿಲ್ಲ. ಬರೆದಿಟ್ಟ ಸ್ವರಪ್ರಸ್ತಾರವಿಲ್ಲ. ಗಾಯಕನ ಬಾಯಿಂದ ಸಂಚಾರವೊಂದು ಹೊರಟ ಮರುಗಳಿಗೆಯಲ್ಲಿ, ಅದರ ನೆರಳಿನಂತೆ, ಅದನ್ನು ಮುಚ್ಚದೆ, ಅದರಿಂದ ಹಿಂದೆಯೂ ಬೀಳದೆ ನುಡಿಸಬೇಕು. ಆಲಾಪನೆಯ ತರುವಾಯ ತನ್ನ ಸರದಿ ಬಂದಾಗ ಅದೇ ರಾಗವನ್ನು ತನ್ನ ಮಾತಿನಲ್ಲಿ ಹೇಳಬೇಕು. ಕಲ್ಪನಾಸ್ವರದಲ್ಲಿ ಕೇಳಿದ ಪ್ರಶ್ನೆಗೆ ತಕ್ಕ ಉತ್ತರ ಕೊಡಬೇಕು. ಇಷ್ಟು ನಿಷ್ಠೆಯಿಂದ ಇನ್ನೊಬ್ಬರನ್ನು ಕೇಳಿಸಿಕೊಳ್ಳುವುದನ್ನು ಬಾಳಿನಲ್ಲಿ ನಾವು ಎಷ್ಟು ಜನ ಮಾಡುತ್ತೇವೆ?

ಈಗ ನಂದಳಿಕೆಗೆ ಮರಳೋಣ. ಕೊಂಕಣಿ ಮನೆಮಾತಿನ ಕೃಷ್ಣಪ್ಪನವರು ಕರಾವಳಿಯಿಂದ ಮೈಸೂರಿಗೆ ಹೋಗಿ, ಅಲ್ಲಿ ಆಸ್ಥಾನದ ಹಿರಿಯ ಗಾಯಕರೆನಿಸಿದರು. ಕನ್ನಡದ ದೇವರನಾಮಗಳಿಗೆ ಕಚೇರಿಯ ವೇದಿಕೆಯಲ್ಲಿ ಮರ್ಯಾದೆಯ ಸ್ಥಾನ ದೊರಕಿಸಿದವರಲ್ಲಿ ಅವರು ಪ್ರಮುಖರು. ಮೈಸೂರಿನಲ್ಲಿ ಅವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರ ಸಂಗೀತಾರಾಧನೆಯ ಮನೆಯಾಯಿತು. ಅವರ ಬಳಿಗೆ ಶಿಷ್ಯವೃತ್ತಿಗಾಗಿ ಬಂದ ಹುಡುಗ ತಿರುಮಕೂಡಲು ಚೌಡಯ್ಯ. 1895ರಲ್ಲಿ ಕಾವೇರಿ-ಕಪಿಲೆಯರ ಸಂಗಮದ ಊರಿನಲ್ಲಿ ಹುಟ್ಟಿದ ಆತ ಮುಂದೆ 'ಪಿಟೀಲು ಚೌಡಯ್ಯ' ಎಂದು ನಾಡಿಗೆಲ್ಲ ಹೆಸರಾದರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ಪಿಟೀಲಿನಲ್ಲಿ ಕನ್ನಡನಾಡು ಕಂಡ ಅತಿ ದೊಡ್ಡ ಹೆಸರಿಗೆ ಗುರುವಾದವರು ಹಾಡುಗಾರರು. ಚೌಡಯ್ಯನವರ ಬೆರಳು ಕಲಿತದ್ದು ಕಂಠದ ಪಾಠವನ್ನು.

ಇದು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಉತ್ತರಾದಿಯತ್ತ ನೋಡಿದರೂ ಇದೇ ಕಥೆ. 1938ರಲ್ಲಿ ಹುಟ್ಟಿದ, ಮೊದಲು ಕರ್ನಾಟಕ ಸಂಗೀತದಲ್ಲಿ ಪಳಗಿದ ಎನ್. ರಾಜಂ ಅವರು ಹಿಂದೂಸ್ತಾನಿ ಪದ್ಧತಿಯನ್ನು ಕಲಿತದ್ದು ಗಾಯಕ ಪಂಡಿತ ಓಂಕಾರನಾಥ ಠಾಕೂರರಿಂದ. ಅವರ ವಾದನಶೈಲಿಗೆ 'ಗಾಯಕೀ ಅಂಗ' ಎಂದೇ ಹೆಸರು. ಖಯಾಲಿನ ಬಡಾವಣೆಯನ್ನು ಪಿಟೀಲಿನಿಂದ ಹಾಡಿಸಿದ ಕೀರ್ತಿ ಅವರದು. ದಕ್ಷಿಣದಲ್ಲಿ ಲಾಲ್ಗುಡಿ ಜಯರಾಮನ್ (1930-2013) ಅವರ ವಾದನವನ್ನು ರಸಿಕರು ಮೆಚ್ಚಿದ್ದೂ ಅದರ ಹಾಡುವ ಗುಣಕ್ಕಾಗಿಯೇ. ಪಿಟೀಲು ಎಲ್ಲಿ ಕಂಠಕ್ಕೆ ಶಿಷ್ಯನಾಯಿತೋ ಅಲ್ಲಿಯೇ ಅದಕ್ಕೆ ನಾಲಗೆ ಬಂದಿತು.

ಚೌಡಯ್ಯನವರಿಗೆ ಒಂದು ಕೊರಗಿತ್ತು. ಅದು ಧ್ವನಿವರ್ಧಕವಿಲ್ಲದ ಕಾಲ. ದೊಡ್ಡ ಸಭೆಯ ಹಿಂದಿನ ಸಾಲಿಗೆ ಗಾಯಕನ ಧ್ವನಿ ಹೇಗೋ ತಲಪುತ್ತಿತ್ತು. ಪಿಟೀಲಿನ ದನಿ ನಡುವೆಯೇ ಸೋತುಹೋಗುತ್ತಿತ್ತು. ಸೋಲುವುದು ವಾದ್ಯವಾದರೂ ನಷ್ಟ ಕೇಳುವವನಿಗೆ. ಅವರು ನಾಲ್ಕು ತಂತಿಗೆ ಮೂರನ್ನು ಕೂಡಿಸಿ ಏಳು ತಂತಿಯ ಪಿಟೀಲನ್ನು ಸಿದ್ಧಪಡಿಸಿದರು. ದನಿ ತುಂಬಿಬಂದಿತು. ಮಾಧುರ್ಯ ಕೆಟ್ಟಿತೆಂದವರೂ ಇದ್ದರು. ಶ್ರುತಿ ಕೂಡಿಸುವ ಕಷ್ಟವೂ ಹೆಚ್ಚಿತು. ಚೌಡಯ್ಯನವರು ತಮ್ಮ ಹಾದಿಯನ್ನು ಬಿಡಲಿಲ್ಲ. ಚೆಂಬೈ ವೈದ್ಯನಾಥ ಭಾಗವತರ ಸಿಂಹಕಂಠಕ್ಕೆ ಪಕ್ಕದಲ್ಲಿ ಕುಳಿತು ಹೆಗಲೆಣೆಯಾಗಿ ನುಡಿಸಿದ ಆ ವಾದನವನ್ನು ಕಿವಿಯಾರೆ ಕೇಳಿದವರು ಮರೆಯಲಿಲ್ಲ. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ 'ಸಂಗೀತ ಕಲಾನಿಧಿ' ಬಿರುದನ್ನಿತ್ತಿತು. 1943ರಲ್ಲಿ 'ವಾಣಿ' ಎಂಬ ಕನ್ನಡ ಚಲನಚಿತ್ರವನ್ನೂ ಅವರು ನಿರ್ಮಿಸಿದ್ದರು. 1967ರಲ್ಲಿ ಅವರು ತೀರಿಕೊಂಡರು.

ಧ್ವನಿವರ್ಧಕ ಬಂದಮೇಲೆ ಏಳು ತಂತಿಯ ಅಗತ್ಯ ಕಳೆಯಿತು; ನಾಲ್ಕು ತಂತಿಯೇ ಉಳಿಯಿತು. ಆದರೆ ಆ ಏಳು ತಂತಿಗಳು ಅಳಿದುಹೋಗಲಿಲ್ಲ. ಬೆಂಗಳೂರಿನಲ್ಲಿ 1980ರಲ್ಲಿ ತೆರೆದ ಚೌಡಯ್ಯ ಸ್ಮಾರಕ ಭವನ ಏಳು ತಂತಿಯ ಪಿಟೀಲಿನ ಆಕಾರದಲ್ಲಿಯೇ ನಿಂತಿದೆ. ತಂತಿ, ಬಿರಡೆ, ಕಮಾನುಗಳೆಲ್ಲವೂ ಅಲ್ಲಿ ಕಟ್ಟಡದ ಅಂಗಗಳು. ವಾದ್ಯವೊಂದು ಹೀಗೆ ಮನೆಯಾಗಿ, ಸಂಗೀತ, ನಾಟ್ಯ, ನಾಟಕಗಳಿಗೆ ಆಶ್ರಯ ಕೊಡುವುದು ಅಪರೂಪದ ಸಂಗತಿ. ಪಕ್ಕದಲ್ಲಿ ಕುಳಿತದ್ದು ಈಗ ಎಲ್ಲರನ್ನೂ ತನ್ನೊಳಗೆ ಕುಳ್ಳಿರಿಸಿಕೊಂಡಿದೆ.

ಪಿಟೀಲು ನಮ್ಮಲ್ಲಿಗೆ ಬಂದ ಬಾಗಿಲು ಒಂದೇ ಅಲ್ಲವೆಂಬುದನ್ನೂ ನೆನೆಯಬೇಕು. ಗೋವೆಯ ಇಗರ್ಜಿಗಳ ಶಾಲೆಗಳಲ್ಲಿ ಮಕ್ಕಳು ಸ್ವರಲಿಪಿಯನ್ನು ಓದಿ ಪಿಟೀಲು ಕಲಿಯುತ್ತಿದ್ದರು. ಅಲ್ಲಿಂದ ಹೊರಟವರು ಮುಂಬಯಿಯ ಚಲನಚಿತ್ರ ವಾದ್ಯವೃಂದಗಳಿಗೆ ಬೆನ್ನೆಲುಬಾದರು. ಆಂಥೋನಿ ಗೊನ್ಸಾಲ್ವಿಸ್ ಅಂಥವರಲ್ಲಿ ಒಬ್ಬರು. ಅವರ ಶಿಷ್ಯ ಪ್ಯಾರೇಲಾಲ್ ತಮ್ಮ ಜೊತೆಗಾರ ಲಕ್ಷ್ಮೀಕಾಂತರೊಡನೆ 1977ರ ಚಿತ್ರವೊಂದರ ಹಾಡಿನಲ್ಲಿ ಗುರುವಿನ ಹೆಸರನ್ನು ದೇಶದ ಬಾಯಿಗೆಲ್ಲ ತಂದರು. ಹಾಡನ್ನು ಹಾಡಿದವರಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಹಿಂದೆ ಒಬ್ಬ ಪಿಟೀಲುಗುರು ಇದ್ದಾನೆಂದು ತಿಳಿದಿತ್ತು!

ಈ ಎಲ್ಲ ಧಾರೆಗಳೂ ಒಂದೇ ವೇದಿಕೆಯಲ್ಲಿ ಕೂಡಬೇಕೆಂಬ ಹಂಬಲವೇ ನಮ್ಮ ನಗರಗಳಲ್ಲಿ ಪಿಟೀಲಿನ ಉತ್ಸವಗಳಾಗಿ ಫಲಿಸಿದೆ. ಆಗುಂಬೆಯ ನೆನಪಿನಲ್ಲಿ ಹೆಸರಿಸಿದ ವೈದ್ಯನಾಥನ್ ಅವರ ತಂದೆ ವಿ. ಲಕ್ಷ್ಮೀನಾರಾಯಣ ಜಾಫ್ನಾದಲ್ಲಿ ಸಂಗೀತದ ಅಧ್ಯಾಪಕರಾಗಿದ್ದು, 1958ರ ಗಲಭೆಗಳ ತರುವಾಯ ಸಂಸಾರಸಮೇತ ಮದರಾಸಿಗೆ ಬಂದವರು. ಪಿಟೀಲು ಪಕ್ಕದಿಂದ ನಡುವಿಗೆ ಬರಬೇಕು, ಜಗತ್ತೇ ಅದನ್ನು ಕೇಳಬೇಕು ಎಂಬುದು ಅವರ ಕನಸು. ಅವರ ಇನ್ನೊಬ್ಬ ಮಗ, ಬೆಂಗಳೂರಿನಲ್ಲಿ ನೆಲೆಸಿದ ಎಲ್. ಸುಬ್ರಮಣ್ಯಂ, ತಂದೆಯ ನೆನಪಿನಲ್ಲಿ 1992ರಲ್ಲಿ ಲಕ್ಷ್ಮೀನಾರಾಯಣ ಜಾಗತಿಕ ಸಂಗೀತೋತ್ಸವವನ್ನು ಆರಂಭಿಸಿದರು. ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ನಡೆದುಬಂದ ಈ ಉತ್ಸವದಲ್ಲಿ ಕರ್ನಾಟಕ ಸಂಗೀತದ ಜೊತೆಗೆ ಹಿಂದೂಸ್ತಾನಿ, ಪಾಶ್ಚಾತ್ಯ ವಾದ್ಯವೃಂದ, ಜಾಜ್ ಎಲ್ಲಕ್ಕೂ ಎಡೆಯುಂಟು. ಸುಬ್ರಮಣ್ಯಂ ಅವರು 1985ರಲ್ಲಿ ಜುಬಿನ್ ಮೆಹ್ತಾ ಅವರ ನಿರ್ದೇಶನದಲ್ಲಿ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ವೃಂದದೊಡನೆ ತಮ್ಮ ಕೃತಿಯನ್ನು ನುಡಿಸಿದವರು. ಜಾಜ್ ಪಿಟೀಲಿನ ಹಿರಿಯ ಸ್ಟೆಫಾನ್ ಗ್ರಾಪೆಲ್ಲಿಯವರ ಜೊತೆಗೂ ಧ್ವನಿಮುದ್ರಿಕೆ ಮಾಡಿದವರು. 2025ರಲ್ಲಿ ಅವರಿಗೆ ಪದ್ಮವಿಭೂಷಣ ಸಂದಿತು. ಬಾಲುಸ್ವಾಮಿ ದೀಕ್ಷಿತರು ಇಂಗ್ಲಿಷರ ಕೋಟೆಯಿಂದ ತಂದ ವಾದ್ಯ ಬೇರೊಂದು ಭಾಷೆ ಕಲಿತು ಪಶ್ಚಿಮಕ್ಕೆ ಮರಳಿಹೋಗಿ ಮಾತಾಡಿಸಿಕೊಂಡು ಬಂದಿತು.

ಇದು ಸಂತೋಷದ ಮಾತೇ. ಆದರೂ ಇಂಥ ಉತ್ಸವಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಹಲವು ಶೈಲಿಗಳು ಒಂದೇ ವೇದಿಕೆಗೆ ಬಂದಾಗ ಎಲ್ಲಕ್ಕೂ ಸುಲಭವಾಗಿ ಒದಗುವ ಸಮಾನ ಗುಣವೊಂದಿದೆ, ಅದು ವೇಗ. ಇಬ್ಬರು ವಾದಕರು ಒಬ್ಬರನ್ನೊಬ್ಬರು ಮೀರಿಸುತ್ತ ದೌಡಾಯಿಸಿದರೆ ಚಪ್ಪಾಳೆಗೆ ಬರವಿಲ್ಲ. ಆದರೆ ಆ ಗಳಿಗೆಯಲ್ಲಿ ರಾಗವೂ ಇಲ್ಲ, ಪಶ್ಚಿಮದ ಸ್ವರಮೇಳವೂ ಇಲ್ಲ. ಎರಡೂ ತಮ್ಮ ತಮ್ಮ ನುಡಿಯನ್ನು ಬಿಟ್ಟು ಓಡುತ್ತಿರುತ್ತವೆ. ಧ್ವನಿವರ್ಧಕದ ಕಾಲದಲ್ಲಿ ಹಿಂದಿನ ಸಾಲಿಗೆ ತಲಪುವುದು ಕಷ್ಟವಲ್ಲ. ಪಕ್ಕದವನಿಗೆ ತಲಪುವುದೇ ಕಷ್ಟ. ಚೌಡಯ್ಯನವರು ದನಿಯನ್ನು ಹೆಚ್ಚಿಸಿಕೊಂಡದ್ದು ಗಾಯಕನನ್ನು ಮುಚ್ಚುವುದಕ್ಕಲ್ಲ, ಅವನ ಜೊತೆಗಿರುವುದಕ್ಕೆ. ಪಿಟೀಲು ನಡುವಿಗೆ ಬಂದು ಕುಳಿತಮೇಲೆಯೂ ಪಕ್ಕದಲ್ಲಿ ಕಲಿತ ವಿದ್ಯೆಯನ್ನು, ಎಂದರೆ ಕೇಳಿಸಿಕೊಳ್ಳುವ ವಿದ್ಯೆಯನ್ನು, ಮರೆಯದಿದ್ದರೆ ಆ ಉತ್ಸವ ಸಾರ್ಥಕ. ಮರೆತರೆ ಉಳಿಯುವುದು ಕೈಚಳಕದ ಪ್ರದರ್ಶನ ಮಾತ್ರ.

ಉತ್ಸವಗಳು ನಗರದಲ್ಲಿ ನಡೆಯುತ್ತವೆ. ಅಲ್ಲಿ ಸಭಾಭವನವಿದೆ, ದೀಪವಿದೆ, ಜನವಿದೆ. ಆದರೆ ಉತ್ಸವಕ್ಕೆ ಬೇಕಾದ ನಾದ ನಗರದಲ್ಲಿಯೇ ಹುಟ್ಟಬೇಕೆಂಬ ನಿಯಮವಿಲ್ಲ. ನಂದಳಿಕೆಯ ಒಂದು ಕಂಠ ಘಟ್ಟ ಹತ್ತಿ ಮೈಸೂರಿಗೆ ಹೋಗದಿದ್ದರೆ ತಿರುಮಕೂಡಲಿನ ಹುಡುಗನಿಗೆ ಆ ಗುರು ದೊರೆಯುತ್ತಿರಲಿಲ್ಲ. ಇಂದೂ ಹೆಬ್ರಿಯಂಥ ಊರಿನಲ್ಲಿ ಮಗುವೊಂದು ಪಿಟೀಲು ಕಲಿಯಹೊರಟರೆ ಮೊದಲ ಕೆಲವು ವರ್ಷ ಮನೆಮಂದಿಗೆ ಕೇಳುವುದು ಕೀರಲು ದನಿಯೇ. ಮೆಟ್ಟಿಲಿಲ್ಲದ ವಾದ್ಯದಲ್ಲಿ ಸ್ವರದ ನೆಲೆ ಕಿವಿಗೆ ಹತ್ತುವವರೆಗೆ ಬೇರೆ ಉಪಾಯವಿಲ್ಲ. ಆ ಮಗುವಿಗೆ ಒಳ್ಳೆಯ ವಾದ್ಯವನ್ನು ಕೊಡಿಸುವುದರ ಜೊತೆಗೆ ಹಿರಿಯರು ಮಾಡಬಹುದಾದ ಉಪಕಾರ ಇನ್ನೊಂದಿದೆ: ಅದಕ್ಕೆ ಹಾಡಲು ಕಲಿಸುವುದು, ಹಾಡುವವರ ಬಳಿ ಕುಳ್ಳಿರಿಸುವುದು. ಆಟಿಯ ಮಳೆ ಹಂಚಿನ ಮೇಲೆ ಸುರಿಯುತ್ತಿರುವ ಸಂಜೆ, ಶ್ರುತಿಯೊಂದನ್ನು ಹಿಡಿದು ಷಡ್ಜದಿಂದ ಪಂಚಮಕ್ಕೆ ದಾರಿ ಹುಡುಕುತ್ತಿರುವ ಆ ಪುಟ್ಟ ಕೈಯ ಪಕ್ಕದಲ್ಲಿ ತಾಳ್ಮೆಯಿಂದ ಕುಳಿತು ಕೇಳುವವರೊಬ್ಬರಿದ್ದರೆ, ಪಿಟೀಲಿನ ಉತ್ಸವ ಅಲ್ಲಿಯೇ ಆರಂಭವಾಯಿತೆಂದು ತಿಳಿಯಬಹುದು.